ಅರವತ್ತೈದು ದಾಟಿದವರು ಅಂಗವಿಕಲ ವೇತನಕ್ಕೆ ಅರ್ಜಿ ಹಾಕುವ ಮುನ್ನ

ನಾನು ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತೆ. ನನ್ನ ಬಳಿ ಬರುವ ಹಿರಿಯರಲ್ಲಿ ಹೆಚ್ಚಿನವರು ಹುಟ್ಟಿನಿಂದ ಅಂಗವಿಕಲರಲ್ಲ. ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡವರು, ಲಕ್ವ ಹೊಡೆದವರು, ಕಿವಿ ಮಂದವಾದವರು. ಬಂದವರೆಲ್ಲ ಹೇಳುವುದು ಒಂದೇ ಮಾತು: "ಅಂಗವಿಕಲ ವೇತನ ಮಾಡಿಸಿಕೊಡಮ್ಮ." ನಾನು ಮೊದಲು ಕೇಳುವುದು ವಯಸ್ಸು ಎಷ್ಟೆಂದು.

ಕಾರಣವಿದೆ. ಕರ್ನಾಟಕದಲ್ಲಿ ಒಬ್ಬರಿಗೆ ಸಾಮಾಜಿಕ ಭದ್ರತೆಯ ಒಂದೇ ವೇತನ. 2021ರ ಏರಿಕೆಯ ನಂತರ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ವೇತನದಲ್ಲಿ ತಿಂಗಳಿಗೆ 1,200 ರೂಪಾಯಿ. ಅಂಗವೈಕಲ್ಯ ಶೇ 40ರ ಮೇಲಿದ್ದು ಶೇ 75 ಮುಟ್ಟದಿದ್ದರೆ 800 ಮಾತ್ರ, ಶೇ 75 ದಾಟಿದರೆ 1,400. ಅಂದರೆ ಶೇ 60ರ ಪ್ರಮಾಣಪತ್ರ ಹಿಡಿದ ಎಪ್ಪತ್ತರ ಅಜ್ಜಿ ಹಟ ಹಿಡಿದು ಅಂಗವಿಕಲ ವೇತನವನ್ನೇ ಮಾಡಿಸಿಕೊಂಡರೆ ತಿಂಗಳಿಗೆ 400 ರೂಪಾಯಿ ನಷ್ಟ. ಇದನ್ನು ಮಧ್ಯವರ್ತಿಗಳು ಹೇಳುವುದಿಲ್ಲ. ಅವರಿಗೆ ಯಾವ ಅರ್ಜಿಯಾದರೂ ಕಮಿಷನ್ ಅಷ್ಟೇ.

ಆದ್ದರಿಂದ ಮೊದಲು ಶೇಕಡಾವಾರು ಗೊತ್ತಾಗಬೇಕು. ಅದಕ್ಕೆ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ, ಸೂಚಿಸಿದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕು. ಆಧಾರ್ ಮತ್ತು ಇತ್ತೀಚಿನ ಫೋಟೊ ಸಾಕು, ಆದರೆ ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿ, ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸದೆ ಹೋದರೆ ವಾಪಸ್ ಕಳಿಸುತ್ತಾರೆ, ಏಕೆಂದರೆ ಅದು ಸರಿಪಡಿಸಬಹುದಾದದ್ದು. ಒಂದೇ ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇ 30 ಬರುತ್ತದೆ, ಅದಕ್ಕೆ ವೇತನವಿಲ್ಲ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಅರ್ಜಿಯಲ್ಲಿ ಒಂದೇ ನ್ಯೂನತೆ ಬರೆಸುವುದರಲ್ಲಿ. ಕೆಳಗಿನ ಕೇರಿಯ ಅಜ್ಜನೊಬ್ಬನಿಗೆ ಮೊಣಕಾಲಿನ ಸ್ವಲ್ಪ ಕೆಳಗೆ ಕಾಲು ಕತ್ತರಿಸಿದ್ದಾರೆ. ಮಗ ಕಾಲನ್ನಷ್ಟೇ ಬರೆಸಲು ಹೊರಟಿದ್ದ. ಅಜ್ಜನ ಎದುರು ಕುಳಿತು ಎರಡು ಮಾತಾಡಿದರೆ ಸಾಕು, ಕಿವಿಯೂ ಹೋಗಿದೆ ಎಂದು ತಿಳಿಯುತ್ತದೆ: ಕೇಳಿದ್ದಕ್ಕೆಲ್ಲ ನಗುತ್ತಾನೆ, ಉತ್ತರ ಕೊಡುವುದಿಲ್ಲ. "ವಯಸ್ಸಾಯಿತಲ್ಲ, ಕಿವಿ ಹೋಗುವುದು ಸಹಜ" ಎಂದ ಮಗ. ಸಹಜವಿರಬಹುದು, ಶೇಕಡಾವಾರಿನಲ್ಲಿ ಅದಕ್ಕೂ ಪಾಲಿದೆ. ಕಾಲಿಗೆ 70, ಕಿವಿಗೆ 40 ಬಂತು. ಎರಡನ್ನು ನೇರವಾಗಿ ಕೂಡಿಸುವುದಿಲ್ಲ. 90ರಲ್ಲಿ ದೊಡ್ಡದನ್ನು ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸುತ್ತಾರೆ. ಅಜ್ಜನಿಗೆ ಸುಮಾರು 79 ಆಯಿತು. ಕಾಲೊಂದೇ ಆಗಿದ್ದರೆ 800ರ ಸಾಲಿನಲ್ಲಿ ನಿಲ್ಲುತ್ತಿದ್ದ, ಈಗ 1,400ಕ್ಕೆ ಅರ್ಹ.

ಇಲ್ಲೊಂದು ಗೊಂದಲ. ಶೇ 40ರಿಂದ 79ರವರೆಗೆ ಹಳದಿ ಕಾರ್ಡ್, 80ರ ಮೇಲೆ ನೀಲಿ. ಅಜ್ಜನದು ಹಳದಿ. ಕಾರ್ಡಿನ ಬಣ್ಣ ನೋಡಿ "ನಿಮಗೆ ಕಡಿಮೆ ವೇತನ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವೇತನದ ಗೆರೆ ಇರುವುದು 75ರಲ್ಲಿ. ಶೇಕಡಾವಾರು ತೀರಾ ಕಡಿಮೆ ಬಂತು ಅನ್ನಿಸಿದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮೇಲ್ಮನವಿಗೆ ಅವಕಾಶವಿದೆ.

ಕಾರ್ಡ್ ಬಂದ ಮೇಲೆ ನಾಡಕಚೇರಿ. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು. ಈಗಾಗಲೇ ಸಂಧ್ಯಾ ಸುರಕ್ಷಾ ಬರುತ್ತಿದ್ದರೆ ಮುಚ್ಚಿಡಬೇಡಿ. ಎರಡು ವೇತನ ಒಟ್ಟಿಗೆ ಪಡೆಯಲಾಗದು, ಬದಲಾಯಿಸಿಕೊಳ್ಳುವುದು ಹೇಗೆ ಎಂದು ಉಪ ತಹಶೀಲ್ದಾರರನ್ನೇ ಕೇಳಿ. ಸ್ವೀಕೃತಿ ಚೀಟಿ ಪಡೆಯದೆ ಬಾಗಿಲು ದಾಟಬೇಡಿ.

ಮಂಜೂರಾತಿ ಆದೇಶ ಕೈಗೆ ಬಂದೂ ಹಣ ಬರದಿದ್ದರೆ ತಹಶೀಲ್ದಾರರನ್ನು ಬೈಯುವ ಮುನ್ನ ಬ್ಯಾಂಕಿಗೆ ಹೋಗಿ. ಖಾತೆಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು, ಎನ್‌ಪಿಸಿಐ ಜೋಡಣೆ, ಅಂದರೆ ಆಧಾರ್ ಸಂಖ್ಯೆಗೆ ಬರುವ ಸರ್ಕಾರಿ ಹಣ ಯಾವ ಖಾತೆಗೆ ಹೋಗಬೇಕೆಂಬ ನೋಂದಣಿ, ಆಗಿರಬೇಕು. ಕೊನೆಗೆ ಯಾವ ಖಾತೆ ಜೋಡಣೆಯಾಗಿದೆಯೋ ಹಣ ಹೋಗುವುದು ಅಲ್ಲಿಗೆ. ಮೊಮ್ಮಗ ಮೊಬೈಲಿನಲ್ಲಿ ಅಜ್ಜನ ಹೆಸರಿಗೆ ತೆರೆದ, ಎಲ್ಲರೂ ಮರೆತ ಖಾತೆಯಲ್ಲಿ ತಿಂಗಳುಗಟ್ಟಲೆ ಹಣ ಬಿದ್ದಿರುವುದನ್ನು ಕಂಡಿದ್ದೇನೆ.

ನಿವೃತ್ತ ಮೇಷ್ಟರು, ನೌಕರರು ಈ ವೇತನಕ್ಕೆ ಬರುವುದಿಲ್ಲ, ಆದರೆ ಅವರೂ ಕಾರ್ಡ್ ಮಾಡಿಸಿಕೊಳ್ಳಲಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆದಾಯದಲ್ಲಿ 75,000 ರೂಪಾಯಿ ಕಡಿತ ಸಿಗುತ್ತದೆ, ಶೇ 80 ಮುಟ್ಟಿದರೆ 1,25,000. ನೀಲಿ ಬಣ್ಣಕ್ಕೆ ಬೆಲೆ ಬರುವುದು ಅಲ್ಲಿ.