ಬಂಡೆಯ ಮೇಲಿನ ಗೂಡು: ನದಿ ರೀವಗಳನ್ನು ದಡದಿಂದಲೇ ಎಣಿಸುವುದು ಹೇಗೆ

ಕೊಡಗಿನಲ್ಲಿ ಕಾಫಿ ಹೂ ಬಿಡುವ ಹೊತ್ತಿಗೆ ಹಾರಂಗಿ, ಚಿಕ್ಲಿಹೊಳೆ ಹಿನ್ನೀರು ಇಳಿಯತೊಡಗುತ್ತದೆ. ದುಬಾರೆ ಕಡೆ ಕಾವೇರಿಯ ಬಂಡೆಗಳು ಮೈ ತೋರುತ್ತವೆ. ಸುತ್ತ ನೀರು, ನಡುವೆ ಬರೀ ಕಲ್ಲು, ಜನ ಕಾಲಿಡದ ಜಾಗ. ರಿವರ್ ಟರ್ನ್ ಎಂದೇ ಹೆಚ್ಚಿನವರು ಕರೆಯುವ ನದಿ ರೀವಕ್ಕೆ ಮೊಟ್ಟೆಯಿಡಲು ಬೇಕಾದದ್ದು ಇಂಥದ್ದೇ. ಕಡಲ ನಡುವಿನ ದ್ವೀಪಗಳಲ್ಲಿ ಗುಂಪುಗುಂಪಾಗಿ ಗೂಡು ಮಾಡುವ ಟರ್ನ್‌ಗಳ ಕುಟುಂಬದ್ದೇ ಹಕ್ಕಿ, ಸಿಹಿನೀರಿನಲ್ಲಿ ಬಾಳುತ್ತದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಈಗ ‘ವಲ್ನರಬಲ್’ (ಅಪಾಯಕ್ಕೆ ಸಿಲುಕಬಲ್ಲ) ವರ್ಗಕ್ಕೆ ಸೇರಿದೆ. ಹಾಗಾಗಿ ಒಂದು ಬಂಡೆಯ ಮೇಲೆ ನಾಲ್ಕೇ ಗೂಡಿದ್ದರೂ ಆ ಲೆಕ್ಕಕ್ಕೆ ಬೆಲೆಯಿದೆ.

ಮೊದಲು ಹಕ್ಕಿಯನ್ನು ಖಚಿತ ಮಾಡಿಕೊಳ್ಳಿ. ಉದ್ದ ಸುಮಾರು 40 ಸೆಂ.ಮೀ., ದಪ್ಪ ಹಳದಿ ಕೊಕ್ಕು, ಕೆಂಪು ಕಾಲು, ಗೂಡಿನ ಕಾಲದಲ್ಲಿ ಕಪ್ಪು ಟೋಪಿ, ಆಳವಾಗಿ ಕವಲೊಡೆದ ಬಾಲ. ಹೊಟ್ಟೆ ಕಪ್ಪಗಿದ್ದರೆ ಅದು ಬೇರೆ ಜಾತಿ, ಕೂಡಲೇ ಫೋಟೊ ತೆಗೆದಿಡಿ. ಅದೇ ಬಂಡೆಯಲ್ಲಿ ಟಿಟ್ಟಿಭವೂ ಮೊಟ್ಟೆಯಿಟ್ಟಿರಬಹುದು. ಬರೀ ಮೊಟ್ಟೆ ನೋಡಿ ತೀರ್ಮಾನಿಸಬೇಡಿ, ಕೂತ ಹಕ್ಕಿಯನ್ನು ನೋಡಿ.

ಬೇಕಾದ ಸಾಮಾನು ಕಡಿಮೆ. 8x42 ಬೈನಾಕ್ಯುಲರ್, ಸಾಧ್ಯವಾದರೆ ಟ್ರೈಪಾಡ್ ಮೇಲೆ 20–60 ಪಟ್ಟು ದೊಡ್ಡದಾಗಿ ತೋರಿಸುವ ಸ್ಪಾಟಿಂಗ್ ಸ್ಕೋಪ್ (ಒಂಟಿ ಕಣ್ಣಿನ ದೂರದರ್ಶಕ), ನೋಟ್‌ಬುಕ್, ಪೆನ್ಸಿಲ್. ಮಂಜಿಗೆ ಒದ್ದೆಯಾದ ಹಾಳೆಯಲ್ಲಿ ಬಾಲ್‌ಪೆನ್ ಬರೆಯುವುದಿಲ್ಲ. ಡ್ರೋನ್ ಬೇಡವೇ ಬೇಡ. ಅದರ ಸದ್ದಿಗೆ ಇಡೀ ಗುಂಪು ಮೇಲೇಳುತ್ತದೆ. ಜಲಾಶಯದ ದಡವಾದರೆ ನೀರಾವರಿ ಇಲಾಖೆಯವರಿಗೆ, ಕಾಡಂಚಾದರೆ ಅರಣ್ಯ ಇಲಾಖೆಯವರಿಗೆ ಮುಂಚೆಯೇ ಹೇಳಿ ಒಪ್ಪಿಗೆ ಪಡೆಯಿರಿ.

ಫೆಬ್ರವರಿ ಕೊನೆಯಿಂದ ಮೇ ಮುಗಿಯುವವರೆಗೆ ವಾರಕ್ಕೊಮ್ಮೆ, ಬೆಳಿಗ್ಗೆ 7ರಿಂದ 9ರೊಳಗೆ ಹೋಗಿ. ಬಿಸಿಲೇರಿದ ಮೇಲೆ ಕಲ್ಲಿನ ಮೇಲೆ ಗಾಳಿ ಕುದಿಯುವಂತೆ ನಡುಗುತ್ತದೆ, ಸ್ಕೋಪಿನಲ್ಲಿ ಹಕ್ಕಿಯೂ ಕಲ್ಲೂ ಒಂದೇ ಆಗಿಬಿಡುತ್ತವೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಬಂಡೆಯಿಂದ ಕನಿಷ್ಠ 100 ಮೀಟರ್ ದೂರದಲ್ಲಿ ಮರದ ಮರೆಯಲ್ಲಿ ಕೂತು, ಮೊದಲ ಹದಿನೈದು ನಿಮಿಷ ಏನನ್ನೂ ಎಣಿಸದೆ ಸುಮ್ಮನೆ ನೋಡಿ.

ಹೆಚ್ಚಿನವರು ಎಡವುವುದು ಇಲ್ಲೇ. ಬಂಡೆಯ ಮೇಲಿರುವ ಹಕ್ಕಿಗಳೆಲ್ಲ ಕಾವಿಗೆ ಕೂತವಲ್ಲ. ಕಾವು ಕೊಡುವ ಹಕ್ಕಿ ಕಲ್ಲಿಗೆ ಅಂಟಿದ ಹಾಗೆ ತಗ್ಗಿ ಕೂತಿರುತ್ತದೆ. ಆಗಾಗ ತುಸು ಎದ್ದು, ಕೊಕ್ಕಿನಿಂದ ಮೊಟ್ಟೆ ಮಗುಚಿ, ಮೈ ಅಲುಗಿಸುತ್ತ ಮತ್ತೆ ಕೂರುತ್ತದೆ. ಜೊತೆಗಾರ ಬಂದು ಪಾಳಿ ಬದಲಿಸಿದರೆ ಇನ್ನು ಸಂಶಯವಿಲ್ಲ. ಸುಮ್ಮನೆ ವಿಶ್ರಮಿಸುವವು ನಿಂತಿರುತ್ತವೆ, ಗರಿ ತೀಡುತ್ತವೆ, ಜಾಗ ಬದಲಿಸುತ್ತವೆ. ಹತ್ತು ನಿಮಿಷ ಒಂದೇ ಜಾಗದಲ್ಲಿ ತಗ್ಗಿ ಕೂತದ್ದನ್ನು ಮಾತ್ರ ಗೂಡೆಂದು ಹಿಡಿಯಿರಿ. ಬಂಡೆಯ ಚಿತ್ರ ಬರೆದು ಬಿರುಕು, ಪೊದೆ, ಹಿಕ್ಕೆಯ ಬಿಳಿ ಕಲೆಗಳನ್ನೇ ಗಡಿಯಾಗಿಟ್ಟು ಭಾಗ ಮಾಡಿ, ಎಡದಿಂದ ಬಲಕ್ಕೆ ಮೂರು ಸಲ ಎಣಿಸಿ. ಮೂರೂ ಸಂಖ್ಯೆ ಬರೆದಿಡಿ. ಹೊಂದಿಸಲು ಹೋಗಬೇಡಿ, ನಡುವಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ತೆಪ್ಪದಲ್ಲಿ ಹೋಗಿ ಹತ್ತಿರದಿಂದ ನೋಡಿದರೆ ಲೆಕ್ಕ ಸರಿಯಾಗುತ್ತದಲ್ಲ ಎಂದು ಅನ್ನಿಸುತ್ತದೆ. ಹೋಗಬೇಡಿ. ಗೂಡೆಂದರೆ ಬರೀ ಒಂದು ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಬೂದು ಹಸಿರಿನ ಮೇಲೆ ಕಂದು ಚುಕ್ಕೆ, ಪಕ್ಕದ ಕಲ್ಲುಚೂರಿನಂತೆಯೇ ಕಾಣುತ್ತದೆ. ಕಾಲಡಿಗೆ ಬಂದ ಮೇಲೇ ಗೊತ್ತಾಗುವುದು. ಏಪ್ರಿಲ್ ಬಿಸಿಲಿಗೆ ಕಾದ ಬಂಡೆಯ ಮೇಲೆ ತಾಯಿ ಕೂರುವುದು ಮೊಟ್ಟೆಗೆ ಬಿಸಿ ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಮಧ್ಯಾಹ್ನ ಗಮನಿಸಿ: ನೀರಿಗೆ ಹೊಟ್ಟೆ ತಾಗಿಸಿ ಗರಿ ನೆನೆಸಿಕೊಂಡು ಬಂದು, ಆ ತೇವದ ಜೊತೆಗೇ ಮೊಟ್ಟೆಯ ಮೇಲೆ ಇಳಿಯುತ್ತದೆ. ನಿಮ್ಮ ಭಯಕ್ಕೆ ಅದು ಎದ್ದರೆ ಮೊಟ್ಟೆ ಬಿಸಿಲಿಗೆ ಸಿಕ್ಕಿ ಕೆಡುತ್ತದೆ, ಕಾಯುತ್ತಿದ್ದ ಕಾಗೆ ಇಳಿಯುತ್ತದೆ. ದಡದಲ್ಲಿದ್ದಾಗಲೂ ಹಕ್ಕಿಗಳು ಗುಂಪಾಗಿ ಎದ್ದು ಕಿರುಚಿದರೆ ನೀವು ಹತ್ತಿರವಾದಿರಿ ಎಂದರ್ಥ. ಹಿಂದಕ್ಕೆ ಸರಿಯಿರಿ. ಐದು ನಿಮಿಷದಲ್ಲಿ ಮರಳಿ ಕೂರದಿದ್ದರೆ ಆ ದಿನದ ಎಣಿಕೆ ಬಿಟ್ಟು ಮನೆಗೆ ನಡೆಯಿರಿ.

ಗೂಡಿನ ಸಂಖ್ಯೆಯಷ್ಟೇ ಮುಖ್ಯ, ನಮ್ಮ ಮಟ್ಟಿಗೆ ಅದಕ್ಕಿಂತಲೂ ಮುಖ್ಯ, ನೀರಿನ ಮಟ್ಟ. ದಡದಲ್ಲಿ ಒಂದು ಕಂಬ ಹೂತು 10 ಸೆಂ.ಮೀ.ಗೊಂದು ಬಣ್ಣದ ಗೆರೆ ಎಳೆಯಿರಿ, ಪ್ರತಿ ಸಲ ಓದಿ ಬರೆಯಿರಿ. ಜೋರು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದೋ, ಮೇಲಿನಿಂದ ನೀರು ಬಿಟ್ಟೋ ಮಟ್ಟ ಏರಿದರೆ ಅಂಚಿನ ಗೂಡುಗಳು ಮೊದಲು ಮುಳುಗುತ್ತವೆ. ತೀರಾ ಇಳಿದರೂ ಕಷ್ಟವೇ: ದಡಕ್ಕೂ ಬಂಡೆಗೂ ನಡುವಿನ ನೀರು ಮೊಣಕಾಲಿಗಿಂತ ಕಡಿಮೆಯಾದರೆ ನಾಯಿಗಳು ದಾಟುತ್ತವೆ, ಒಂದೇ ರಾತ್ರಿಯಲ್ಲಿ ಎಲ್ಲ ಖಾಲಿ. ಗೂಡು ಏಕೆ ಕೆಟ್ಟಿತು ಎಂದು ಆಮೇಲೆ ಹೇಳಬೇಕಾದರೆ ಈ ಓದು ಬೇಕು. ಇಲ್ಲವಾದರೆ ಎಲ್ಲ ತಪ್ಪೂ ಕಾಗೆಯ ತಲೆಗೆ ಬೀಳುತ್ತದೆ.

ಮೊಟ್ಟೆಯೊಡೆಯಲು ಸುಮಾರು ಮೂರು ವಾರ. ಮರಿಗಳು ಕೆಲವೇ ದಿನಗಳಲ್ಲಿ ತಗ್ಗು ಬಿಟ್ಟು ಕಲ್ಲಿನ ಬಿರುಕಿನ ನೆರಳಿಗೆ ಸೇರುವುದರಿಂದ ‘ಗೂಡು ಖಾಲಿ’ ಎಂದು ಅವಸರದಲ್ಲಿ ಬರೆಯಬೇಡಿ. ಮೀನು ಕಚ್ಚಿಕೊಂಡ ಹಕ್ಕಿ ಎಲ್ಲಿ ಇಳಿಯುತ್ತದೆ ಎಂದು ನೋಡಿ, ಮರಿ ಅಲ್ಲಿರುತ್ತದೆ.

ಹಕ್ಕಿ ನೋಡುಗರು ತಮ್ಮ ದಾಖಲೆ ಸೇರಿಸುವ ಆನ್‌ಲೈನ್ ತಾಣ ಇ-ಬರ್ಡ್‌ಗೆ ಹಾಕುವಾಗ ಗೂಡಿನ ಕೋಡ್ ಮರೆಯಬೇಡಿ: ಕಾವಿಗೆ ಕೂತದ್ದು ‘ಒಎನ್’, ಮರಿಗೆ ಉಣಿಸುವುದು ‘ಎಫ್‌ವೈ’, ಹಾರಲು ಕಲಿತ ಮರಿ ‘ಎಫ್‌ಎಲ್’. ಬಂಡೆಗೆ ಸಿಕ್ಕಿಕೊಂಡ ನೈಲಾನ್ ಬಲೆ, ಗಾಳದ ದಾರ ಕಂಡರೆ ಈಗ ತೆಗೆಯಲು ಹೋಗದೆ ಜಾಗ ಗುರುತು ಹಾಕಿಕೊಳ್ಳಿ. ಮುಂದಿನ ಜನವರಿಯಲ್ಲಿ ನೀರು ಇಳಿದು ಬಂಡೆ ಕಂಡ ಕೂಡಲೇ, ಹಕ್ಕಿ ಜೋಡಿಗಳು ಬಂದು ಕೂರುವ ಮೊದಲು, ತೆಪ್ಪದಲ್ಲಿ ಹೋಗಿ ತೆಗೆದು ತನ್ನಿ.