ಕತ್ತಿನ ತೂತಿನಲ್ಲಿ ಉಸಿರು ಕಟ್ಟಿದಂತಾದರೆ

ಆಪರೇಶನ್ ಮಾಡಿ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ನಮ್ಮ ಉಸಿರಾಟವೆಲ್ಲ ಕತ್ತಿನ ತೂತಿನಿಂದ. ಮೂಗಿನ ತೇವ ಗಾಳಿಗೆ ಸಿಗುವುದಿಲ್ಲ, ಕಫ ಒಣಗಿ ಗಟ್ಟಿಯಾಗುತ್ತದೆ. ಬಳ್ಳಾರಿಯ ಬೇಸಿಗೆ ಧೂಳಿನಲ್ಲಿ ನನಗೆ ಏದುಸಿರು ಬರುವುದು ಜಾಸ್ತಿ ಇದರಿಂದಲೇ.

ಆಗ ಕೂತು ಸ್ವಲ್ಪ ಮುಂದಕ್ಕೆ ಬಾಗಿ. ಒಳಗೆ ಟ್ಯೂಬ್ ಇದ್ದರೆ ಅದರ ಒಳನಳಿಗೆ ತೆಗೆದು ನೋಡಿ, ಕಟ್ಟಿಕೊಂಡಿರಬಹುದು. ಡಾಕ್ಟರ್ ಹೇಳಿದಷ್ಟೇ ಹನಿ ಸ್ಟೆರೈಲ್ (ಕ್ರಿಮಿಯಿಲ್ಲದ) ಸಲೈನ್ ತೂತಿಗೆ ಬಿಟ್ಟು ಜೋರಾಗಿ ಕೆಮ್ಮಿ. ನಲ್ಲಿ ನೀರು ಬೇಡವೇ ಬೇಡ. ಒರೆಸಲು ಬಟ್ಟೆಯೇ ಇರಲಿ; ಟಿಶ್ಯೂ ಚೂರು ಒಳಗೆ ಹೋಗುತ್ತದೆ. ಹೊರಗೆ ಹೊರಟರೆ ತೂತಿನ ಮೇಲೆ ಫಿಲ್ಟರ್ ಅಥವಾ ತೆಳು ಒದ್ದೆ ಬಟ್ಟೆ.

ಆದರೂ ಏದುಸಿರು ನಿಲ್ಲದಿದ್ದರೆ, ತುಟಿ ನೀಲಿಯಾದರೆ, ಕಾಯಬೇಡಿ. 108ಕ್ಕೆ ಫೋನ್ ಮಾಡಿಸಿ. ಆಗ ನಾವು ಮಾತಾಡಲು ಆಗಲ್ಲ ಅಲ್ವಾ? ಅದಕ್ಕೇ ನನ್ನ ಜೇಬಿನಲ್ಲಿ ಚೀಟಿ ಇದೆ: 'ಆಕ್ಸಿಜನ್ ಬಾಯಿಗಲ್ಲ, ಕತ್ತಿನ ತೂತಿಗೆ ಕೊಡಿ.'