ಕೊಪ್ಪಳದಿಂದ ಕಡಲಿಗೆ: ಕಯಾಕ್ ಹತ್ತುವ ಮೊದಲು ಗಾಳಿ ನೋಡಿ

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಹಾದು ಹೋಗುವ ನಮ್ಮ ಹೆದ್ದಾರಿಯನ್ನು ಮೊದಲು ಗುತ್ತಿ–ಅಂಕೋಲಾ ರಸ್ತೆ ಅಂತ ಕರೆಯುತ್ತಿದ್ದರು. ಅಂದ್ರೆ ಮನೆ ಮುಂದಿನ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋಗುತ್ತಲೇ ಇದ್ದರೆ ಕೊನೆಗೆ ಸಮುದ್ರವೇ. ಒಂದು ಕಾಲಕ್ಕೆ ಅದಿರಿನ ಲಾರಿಗಳು ಬೇಲೆಕೇರಿ ಬಂದರಿಗೆ ಹೊರಡುತ್ತಿದ್ದ ದಾರಿಯಲ್ಲಿ ಈಗ ಶುಕ್ರವಾರ ರಾತ್ರಿ ನಮ್ಮ ಕಡೆಯ ಹುಡುಗರ ಕಾರುಗಳು ಹೊರಡುತ್ತವೆ. ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟು ಇಳಿದರೆ ಅಂಕೋಲಾ. ದಡದಲ್ಲಿ ಕಾಲು ತೋಯಿಸಿಕೊಂಡು ಬರುವುದು ಸಾಕಾಗಿ, ಈಗ ಕಯಾಕ್ ಮತ್ತು ನಿಂತು ಹುಟ್ಟು ಹಾಕುವ ಪ್ಯಾಡಲ್‌ಬೋರ್ಡ್ ಕೇಳುವವರೇ ಜಾಸ್ತಿ.

'ಸಾಣಾಪುರದಲ್ಲಿ ತೆಪ್ಪ ಹತ್ತಿದೀವಿ, ನೀರು ನಮಗೇನು ಹೊಸದಾ?' ಅಂತ ನಾನೂ ಅಂದುಕೊಂಡೇ ಹೋಗಿದ್ದೆ. ತೆಪ್ಪದ ಅನುಭವ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ತೆಪ್ಪ ದುಂಡಗೆ, ತಿರುಗಿದರೂ ಸುಲಭಕ್ಕೆ ಮಗುಚುವುದಿಲ್ಲ, ಹುಟ್ಟು ಹಾಕುವವರು ಬೇರೆ, ನಾವು ಕೂತು ಫೋಟೊ ತೆಗೆಯುವವರು. ಕಯಾಕ್ ಉದ್ದಕ್ಕೆ, ಕಿರಿದು, ನೀವೇ ಅಂಬಿಗ. ಹೊಳೆಯಲ್ಲಿ ನೀರು ಒಂದೇ ಕಡೆ ಹರಿಯುತ್ತದೆ. ಸಮುದ್ರದಲ್ಲಿ ನೀರೂ ಗಾಳಿಯೂ ಹೊತ್ತಿಗೆ ತಕ್ಕಂತೆ ದಿಕ್ಕು ಬದಲಿಸುತ್ತವೆ.

ಮೊದಲು ತಿಂಗಳು ನೋಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ, ಹುಟ್ಟಿದಾಗಿನಿಂದ ಸಮುದ್ರ ನೋಡಿದವರ ದೋಣಿಯೇ ದಡದಲ್ಲಿರುವಾಗ ನಾವು ಹೋಗಿ ಏನು ಮಾಡುವುದು?

ಮೊದಲ ದಿನ ಸಮುದ್ರಕ್ಕೆ ಇಳಿಯಬೇಡಿ, ಹಿನ್ನೀರಿನಲ್ಲಿ ಕಲಿಯಿರಿ. ಹಿನ್ನೀರು ಅಂದರೆ ನಮಗೆ ತುಂಗಭದ್ರಾ ಡ್ಯಾಮಿನ ಹಿಂದೆ ನಿಂತ ನೀರು. ಅಲ್ಲಿ ಹಾಗಲ್ಲ, ನದಿ ಸಮುದ್ರ ಸೇರುವ ಅಳಿವೆಯಿಂದ ಉಪ್ಪುನೀರು ಒಳಗೆ ನುಗ್ಗಿ ಬರುವ ಜಾಗ. ಕಾರವಾರದಲ್ಲಿ ಕಾಳಿ, ಹೊನ್ನಾವರದಲ್ಲಿ ಶರಾವತಿ, ಮೂಲ್ಕಿಯಲ್ಲಿ ಶಾಂಭವಿ, ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಸಣ್ಣ ಸಣ್ಣ ಕಾಲುವೆಗಳು. ಅಲೆ ಇಲ್ಲ, ಬಿದ್ದರೂ ಮೆತ್ತಗೆ.

ಆದರೆ ಭರತ–ಇಳಿತದ ಹೊತ್ತು ಕೇಳಿಕೊಂಡೇ ಹೋಗಿ. ಸುಮಾರು ಆರು ತಾಸು ನೀರು ಏರುತ್ತದೆ, ಆರು ತಾಸು ಇಳಿಯುತ್ತದೆ, ದಿನಾ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಸೆಳೆತ ಜಾಸ್ತಿ. ನೀರು ಏರುವಾಗ ಅದರ ಜೊತೆಗೇ ನದಿಯ ಒಳಗೆ ಹೋಗಿ, ಇಳಿಯಲು ಶುರುವಾದಾಗ ಅದರ ಜೊತೆಗೇ ವಾಪಸ್ ಬನ್ನಿ, ತೋಳಿಗೆ ಅರ್ಧ ಕೆಲಸ ಕಡಿಮೆ. ಅಳಿವೆಯ ಬಾಯಿಯ ಹತ್ತಿರ ಮಾತ್ರ ಹೋಗಬೇಡಿ, ಇಳಿತದ ನೀರು ಹೊರಗೆ ಎಳೆಯುತ್ತದೆ. ಪೂರ್ತಿ ಇಳಿದ ಹೊತ್ತಿಗೆ ಕಾಂಡ್ಲಾ ನಡುವೆ ಸಿಕ್ಕಿಕೊಂಡರೆ ಮೊಣಕಾಲುದ್ದ ಕೆಸರು. ಎಳೆದುಕೊಂಡು ಬರುವುದು ನಿಮ್ಮ ಪಾಡು.

ಹೊಸಬರಿಗೆ ಮೇಲೆ ಕೂರುವ ಕಯಾಕೇ ಸರಿ. ಅದರ ತಳದಲ್ಲಿ ತೂತುಗಳಿರುತ್ತವೆ, ನೋಡಿ ಗಾಬರಿಯಾಗಬೇಡಿ, ಒಳಗೆ ಬಂದ ನೀರು ಅದರಿಂದಲೇ ಹೊರಗೆ ಹೋಗುತ್ತದೆ. ಮಗುಚಿದರೆ ಮೇಲಿಂದ ಕೈ ಚಾಚಿ ಆ ಕಡೆಯ ಅಂಚು ಹಿಡಿದು ನಿಮ್ಮ ಕಡೆ ಎಳೆಯಿರಿ, ನೆಟ್ಟಗಾಗುತ್ತದೆ. ಹುಟ್ಟು ಹಾಕುವಾಗ ತೋಳಿನಿಂದಲ್ಲ, ಸೊಂಟ ತಿರುಗಿಸಿ ಎಳೆಯಬೇಕು. ಇಲ್ಲದಿದ್ದರೆ ಮರುದಿನ ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗುವುದಿಲ್ಲ.

ಲೈಫ್ ಜಾಕೆಟ್ ಹಾಕಿ ಎಲ್ಲಾ ಬಕಲ್ ಬಿಗಿ ಮಾಡಿದ ಮೇಲೆ, ಜೊತೆಯವರಿಗೆ ಹೇಳಿ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎತ್ತಿಸಿ. ಗದ್ದ ದಾಟಿ ಕಿವಿವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ, ಬೇರೆ ಕೇಳಿ. ನಾಚಿಕೆ ಬೇಡ.

ಪ್ಯಾಡಲ್‌ಬೋರ್ಡ್ ನೋಡಲು ಸುಲಭ, ನಿಲ್ಲುವುದು ಕಷ್ಟ. ನಿಮಗಿಂತ ಒಂದು ಗೇಣು ಎತ್ತರದ ಹುಟ್ಟು ತಗೊಳ್ಳಿ. ಅದರ ಎಲೆ, ಅಂದರೆ ನೀರು ತಳ್ಳುವ ಅಗಲ ತುದಿ, ಸ್ವಲ್ಪ ಬಾಗಿರುತ್ತದೆ, ಆ ಬಾಗು ಮುಂದಕ್ಕೆ ಇರಬೇಕು. ಹತ್ತರಲ್ಲಿ ಎಂಟು ಜನ ಉಲ್ಟಾ ಹಿಡಿಯುತ್ತಾರೆ, ನಾನೂ ಹಿಡಿದಿದ್ದೆ. ಬೋರ್ಡಿನ ಹಗ್ಗ ಕಾಲಿಗೆ ಕಟ್ಟಿಕೊಂಡು ಮೊದಲು ಹತ್ತು ನಿಮಿಷ ಮಂಡಿಯೂರಿಯೇ ಹುಟ್ಟು ಹಾಕಿ. ಆಮೇಲೆ ನಡುವಿನ ಹಿಡಿಕೆಯ ಎರಡೂ ಪಕ್ಕ ಹೆಗಲಿನಷ್ಟು ಅಗಲಕ್ಕೆ ಪಾದ ಇಟ್ಟು, ಮಂಡಿ ಸ್ವಲ್ಪ ಬಗ್ಗಿಸಿ ಏಳಿ. ಕಣ್ಣು ದೂರಕ್ಕಿರಲಿ, ಕಾಲು ನೋಡಿದ ಕ್ಷಣ ನೀರಿನಲ್ಲಿರುತ್ತೀರಿ. ಬೀಳುವಾಗ ಬೋರ್ಡಿನಿಂದ ಆಚೆ, ಪಕ್ಕಕ್ಕೆ, ಅಗಲವಾಗಿ ಬೀಳಿ. ತಲೆ ಕೆಳಗಾಗಿ ಧುಮುಕಿದರೆ ಕೆಳಗೆ ಬಂಡೆ ಇದ್ದೀತು.

ಈಗ ಗಾಳಿಯ ವಿಷಯ. ಹಗಲು ನೆಲ ಬೇಗ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದಿಂದ ಗಾಳಿ ಬರುತ್ತದೆ. ರಾತ್ರಿ ನೆಲವೇ ಬೇಗ ತಣ್ಣಗಾಗುವುದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ. ಮಧ್ಯಾಹ್ನ ನೀರು ಕುದ್ದ ಹಾಗೆ ಕಾಣುತ್ತದೆ, ಯಾರೂ ಇಳಿಯುವುದಿಲ್ಲ. ಬೆಳಿಗ್ಗೆ ಎಣ್ಣೆ ಸುರಿದ ಹಾಗೆ ನುಣ್ಣಗಿರುತ್ತದೆ, ಎಲ್ಲರೂ ಇಳಿಯುತ್ತಾರೆ. ಮೋಸ ಇರುವುದು ಈ ಬೆಳಿಗ್ಗೆಯಲ್ಲೇ.

ಗೋಕರ್ಣದ ಕುಡ್ಲೆ ಬೀಚಿನಲ್ಲಿ ಬಾಡಿಗೆ ಬೋರ್ಡ್ ತಗೊಂಡು ಏಳು ಗಂಟೆಗೆ ಹೊರಟಿದ್ದೆ. ಎರಡು ಸಲ ಹುಟ್ಟು ಹಾಕಿದರೆ ಸಾಕು, ಬೋರ್ಡ್ ತಾನೇ ಜಾರುತ್ತಿತ್ತು. ಪರವಾಗಿಲ್ಲ, ಕಲಿತುಬಿಟ್ಟೆ ಅಂತ ಖುಷಿ. ಓಂ ಬೀಚಿನ ಕಡೆಯ ಬಂಡೆಯ ಮೂಗು ದಾಟಿ ಹಿಂದೆ ತಿರುಗಿದೆ ನೋಡಿ, ಗಾಳಿ ಎದೆಗೇ ಹೊಡೆಯಿತು. ಇಷ್ಟು ಹೊತ್ತು ನನ್ನನ್ನು ಒಯ್ದದ್ದು ನನ್ನ ತೋಳಲ್ಲ, ಗಾಳಿ. ನಿಂತ ಮೈ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಮಂಡಿಯೂರಿದೆ, ಸಾಲಲಿಲ್ಲ. ಕೊನೆಗೆ ಹುಟ್ಟನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು, ಬೋರಲು ಮಲಗಿ, ಎರಡೂ ಕೈಯಲ್ಲಿ ನೀರು ಎಳೆಯುತ್ತಾ ಬಂದೆ. ಹೋಗಲು ಹತ್ತು ನಿಮಿಷ, ಬರಲು ಮುಕ್ಕಾಲು ತಾಸು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಅಜ್ಜ ತಲೆ ಎತ್ತಿ, 'ಗಾಳಿ ನೋಡ್ಲಿಲ್ವಾ ತಮ್ಮಾ?' ಅಂದರು, ಅಷ್ಟೇ.

ಅದಕ್ಕೇ ನೀರಿಗೆ ಇಳಿಯುವ ಮುಂಚೆ ಒಂದು ಹಿಡಿ ಒಣ ಮರಳು ಮೇಲಿಂದ ಬಿಟ್ಟು ನೋಡಿ. ಸಮುದ್ರದ ಕಡೆ ಹಾರಿದರೆ ದಡದ ಪಕ್ಕಪಕ್ಕದಲ್ಲೇ ಓಡಾಡಿ, ಹೊರಗೆ ಹೋಗಬೇಡಿ. ಗಾಳಿ ಪಕ್ಕದಿಂದ ಬರುತ್ತಿದ್ದರೆ ಮೊದಲು ಅದರ ಎದುರಿಗೆ ಹೋಗಿ, ಸುಸ್ತಾದಾಗ ಅದೇ ತಳ್ಳಿಕೊಂಡು ವಾಪಸ್ ತರುತ್ತದೆ.

ಬಂಡೆಗಳಿರುವ ಕಡೆ ಕನಿಷ್ಠ 50 ಮೀಟರ್ ದೂರ ಇರಿ. ಬಂಡೆಗೆ ಬಡಿದ ಅಲೆ ವಾಪಸ್ ಬಂದು ಮುಂದಿನ ಅಲೆಗೆ ಡಿಕ್ಕಿ ಹೊಡೆಯುತ್ತದೆ, ಅಲ್ಲಿ ನೀರು ಎಲ್ಲಾ ದಿಕ್ಕಿಗೂ ಕುಣಿಯುತ್ತದೆ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಚೂಪು, ಆದ್ದರಿಂದ ಬೂಟು ಬೇಕು, ಹವಾಯಿ ಚಪ್ಪಲಿ ಅಲ್ಲ. ದಡಕ್ಕೆ ಬರುವಾಗ ಅಲೆಗಳನ್ನು ಸ್ವಲ್ಪ ಹೊತ್ತು ನೋಡಿ. ದೊಡ್ಡವು ಒಂದರ ಹಿಂದೊಂದು ಗುಂಪಾಗಿ ಬಂದು ಆಮೇಲೆ ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿ ಬನ್ನಿ. ಇಳಿದ ಮೇಲೆ ಬೋರ್ಡನ್ನು ನಿಮ್ಮ ಮುಂದೆ, ದಡದ ಕಡೆ ಇಟ್ಟುಕೊಳ್ಳಿ. ಹಿಂದೆ ಬಿಟ್ಟರೆ ಅಲೆ ಅದನ್ನೇ ತಂದು ಮೊಣಕಾಲಿಗೆ ಬಡಿಯುತ್ತದೆ.

ರಾಯಚೂರಿನ ಬಿಸಿಲು ಕಂಡವರಿಗೆ ಇದೇನು ಬಿಸಿಲು ಅನ್ನಬೇಡಿ. ನೀರಿನ ಮೇಲೆ ತಂಪು ಅನಿಸುತ್ತಿರುವಾಗಲೇ ಮೈ ಸುಡುತ್ತದೆ. ತುಂಬು ತೋಳಿನ ಅಂಗಿ ಹಾಕಿ, ಎರಡು ಲೀಟರ್ ನೀರು ಕಟ್ಟಿಕೊಳ್ಳಿ. ಒಗ್ಗರಣೆ–ಮಿರ್ಚಿ ತಿಂದು ಹತ್ತಬೇಡಿ, ಬಂದ ಮೇಲೆ ತಿನ್ನಿ. ಗಾಳಿ ತುಂಬುವ ಸ್ವಂತ ಬೋರ್ಡ್ ಇದ್ದರೆ ಊರಿಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಮಡಚಿ. ನಮ್ಮ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದರೆ ಒಳಗಿನ ಗಾಳಿ ಹಿಗ್ಗಿ ಅಂಟಿಸಿದ ಜಾಗ ಬಿಟ್ಟುಕೊಳ್ಳಬಹುದು.